ಹೆಪ್ಪಿಗಿಟ್ಟ ಗೊಬ್ಬರ

ಸೀಗೆ ಹುಣ್ಣಿಮೆ, ಗುರುವಾರ, ಬೆಳಗಿನ ಐದೂವರೆ ಗಂಟೆ. ಹೊಸನಗರ ತಾಲೂಕಿನ ಒಂದು ಹೊಸ ಕೇರಿಯ ಕಟ್ಟಕಡೆಯ ಮನೆ, ಅದರ ತರಕಾರಿ ಹಿತ್ತಲು. ಹಾಜರಿದ್ದವರು ಮೂವರು: ಆ ಮನೆಯ ಅಜ್ಜಿ, ಅಜ್ಜಿಯ ಸೊಸೆ, ಮತ್ತು ಕೇರಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನು. ಇನ್ನೊಬ್ಬರು ಬರಬೇಕಿತ್ತು. ಅವರು ಸೊಸೆಯ ಗಂಡ, ಮನೆಯ ಯಜಮಾನರು. ಬರುತ್ತೇನೆಂದು ಅವರು ಹೇಳಿರಲಿಲ್ಲ. ಬರುವುದಿಲ್ಲವೆಂದು ಮಾತ್ರ ಮಳೆಗಾಲ ಹಿಡಿದಾಗಿನಿಂದ ಹೇಳುತ್ತ ಬಂದಿದ್ದರು.

ಆ ಸೊಸೆಯನ್ನು ಕೇರಿಯವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ತುಂಬು ವಯಸ್ಸು, ಹೆಚ್ಚು ನರಳದ ಸಾವು. ಸುದ್ದಿ ಕೇಳಿದ ಕೂಡಲೆ ನನಗೆ ನೆನಪಾದದ್ದು ಅವರ ಬಲಗೈ. ಗೊಬ್ಬರವನ್ನು ಒಂದು ಹಿಡಿ ಎತ್ತಿ, ಮುಷ್ಟಿ ಬಿಗಿದು, ಮೂಗಿನ ಹತ್ತಿರ ತಂದು, ಆಮೇಲೆ ಬೆರಳು ಬಿಚ್ಚುವ ಆ ಕೈ. ಬಿಚ್ಚಿದಾಗ ಉಂಡೆ ಒಂದು ಗಳಿಗೆ ನಿಂತು, ಬಳಿಕ ಪುಡಿಯಾಗಿ ಉದುರಬೇಕು. ನೀರು ಜಿನುಗಿದರೆ ಹಸಿ. ನಿಲ್ಲದೆ ಉದುರಿದರೆ ಒಣಕಲು. ಮಳೆ ಬಂದ ಮೇಲಿನ ಮಣ್ಣಿನ ವಾಸನೆ ಬಂದರೆ ಸರಿ. "ಮೂಗಿಗೆ ಆಗದೇ ಇದ್ದಿದ್ದು ಗಿಡಕ್ಕೂ ಆಗಲ್ಲ ಅಕ್ಕೋರೇ" ಎನ್ನುವರು. ಹೆಣ್ಣು ಟೀಚರನ್ನು ಆ ಕಡೆ ಅಕ್ಕೋರು ಎಂದೇ ಕರೆಯುವುದು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಲಿಂಗನಮಕ್ಕಿಯಲ್ಲಿ ಶರಾವತಿಗೆ ಕಟ್ಟೆ ಏಳುತ್ತಿತ್ತು. ನೀರು ನಿಲ್ಲುವ ಊರುಗಳ ಜನ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಗೆಲ್ಲ ಚದುರಿ ಹೋಗುತ್ತಿದ್ದರು. ದೊಡ್ಡಮ್ಮನ ಮನೆಯವರು ಸಾಗರದ ಕಡೆಯ ಹೊಳೆದಂಡೆಯವರು. ಅಲ್ಲಿ ಅಜ್ಜನ ಕಾಲದಿಂದ ಒಡೆಯರ ಗದ್ದೆಯನ್ನು ಗೇಣಿಗೆ ಮಾಡಿದವರು. ಇಲ್ಲಿ ಅವರಿಗೆ ಸಿಕ್ಕಿದ್ದು ಇಳಿಜಾರಿನ ಕುರುಚಲು ಗುಡ್ಡ. ಗುದ್ದಲಿ ಹಾಕಿದರೆ ಕಿಡಿ ಹಾರುವ ಜಂಬಿಟ್ಟಿಗೆ ನೆಲ. ಆದರೆ ಅದು ಅವರ ಹೆಸರಿಗೆ ಬಂದ ಮೊದಲ ನೆಲ.

ಅವರು ಬಂದಿಳಿದ ದಿನ ನಾನು ಶಾಲೆಯ ಜಗಲಿಯಲ್ಲಿದ್ದೆ. ಬೇರೆಯವರ ಲಾರಿಗಳಿಂದ ಬಾಗಿಲು, ಕಂಬ, ಕಡಾಯಿ, ಒರಳುಕಲ್ಲು ಇಳಿಯುತ್ತಿದ್ದವು. ಇವರ ಲಾರಿಯಿಂದ ಇಳಿದದ್ದು ಸಾಲು ಸಾಲು ಬುಟ್ಟಿ, ಮೇಲೆ ಬಾಳೆಲೆ ಮುಚ್ಚಿ ಬಳ್ಳಿಯಲ್ಲಿ ಬಿಗಿದದ್ದು. ಲಾರಿಯವನು ಒಂದು ಬುಟ್ಟಿಯನ್ನು ಎತ್ತಿ ಮೂಗು ಸಿಂಡರಿಸಿದ.

"ಎಂತಮ್ಮಾ ಇದು?"

"ಬಂಗಾರ. ಬೇಕಾರೆ ಕೈ ಹಾಕಿ ನೋಡು" ಎಂದರು ದೊಡ್ಡಮ್ಮ.

ಅವನು ಕೈ ಹಾಕಲಿಲ್ಲ. ಯಜಮಾನರು ಆ ಕಡೆ ತಿರುಗಿ ನಿಂತು ಕೇರಿಗೆಲ್ಲ ಕೇಳುವಂತೆ ಹೇಳಿದರು: "ಒರಳುಕಲ್ಲಿಗೆ ಜಾಗ ಇಲ್ಲ ಅಂದ್ಲು. ಹಳೇ ಗುಂಡಿ ಕೆರ್ಕೊಂಡು ಬಂದಾಳೆ. ನಾಳೆಯಿಂದ ಚಟ್ನಿ ಇದ್ರಾಗೇ ಅರೀತಾಳೆ."

"ಒರಳು ಇಲ್ಲಿ ನೆಂಟ್ರ ಮನೇಲೂ ಸಿಕ್ತದೆ. ಗೊಬ್ಬರ ಯಾರು ಕೊಡ್ತಾರೆ?" ಎಂದರು ದೊಡ್ಡಮ್ಮ. ಅದು ನಿಜವೇ. ಆ ಸೀಮೆಯಲ್ಲಿ ಕೇಳಿದರೆ ಅಕ್ಕಿ ಕೊಟ್ಟಾರು, ಗೊಬ್ಬರ ಕೊಡರು. ಶುಕ್ರವಾರವಂತೂ ಒಂದು ಹೆಡಿಗೆ ಸಗಣಿಯೂ ಹೊಸಿಲು ದಾಟದು. ಲಕ್ಷ್ಮಿ ಹೊರಗೆ ಹೋಗುತ್ತಾಳೆಂಬ ಭಯ.

ನನಗೂ ಅವರಿಗೂ ಮಾತು ಶುರುವಾದದ್ದು ಜಗಳದಿಂದ. ನಾನು ಟ್ರೈನಿಂಗ್ ಮುಗಿಸಿ ಬಂದವಳು. ಅಲ್ಲಿ ಗಂಟೆಗೆ ಏಳುವುದು, ಗಂಟೆಗೆ ಗುಡಿಸುವುದು, ಗುಡಿಸಿದ್ದನ್ನು ಸುಟ್ಟು ಕೈ ತೊಳೆದು ಪ್ರಾರ್ಥನೆಗೆ ನಿಲ್ಲುವುದು. ಹಾಗೆಯೇ ಇಲ್ಲಿಯೂ ಸಂಜೆ ಶಾಲೆ ಬಿಟ್ಟ ಮೇಲೆ ಅಂಗಳ ಗುಡಿಸಿ, ತರಗೆಲೆಯ ರಾಶಿಗೆ ಬೆಂಕಿ ಇಡುತ್ತಿದ್ದೆ. ಒಂದು ಸಂಜೆ ಬೇಲಿಯಾಚೆಯಿಂದ ದನಿ ಬಂತು.

"ಅಕ್ಕೋರೇ, ಅನ್ನ ಸುಡ್ತೀರಲ್ಲ ಮಾರಾಯ್ರೇ."

"ಅನ್ನವಲ್ಲ, ಕಸ."

"ನಿಮಗೆ ಕಸ. ಬೆಂಡೆ ಗಿಡಕ್ಕೆ ಕೇಳಿ ನೋಡಿ."

ಕಸ ರಾಶಿ ಹಾಕಿದರೆ ನೊಣ, ನೊಣದಿಂದ ಕಾಯಿಲೆ ಎಂದು ನಾನು ಪಾಠ ಒಪ್ಪಿಸಿದೆ. ಅವರು ಅದನ್ನು ಪೂರ್ತಿ ಕೇಳಿದರು. ಕೇಳಿ, "ನೊಣ ಬರೋದು ಬಿಟ್ಟು ಹೋದ ಕಸಕ್ಕೆ. ದಿನಾ ಮೇಲೆ ಮಣ್ಣು ಎಳೆದ್ರೆ ಅದಕ್ಕೆಂತ ಕೆಲಸ?" ಎಂದರು. ದಿನಾ ಮಣ್ಣು ಹಾಕುವವರು ಯಾರೆಂದು ಕೇಳಿದೆ. "ನಾನು. ನೀವು ಸುಡೋ ಹೊತ್ತಿಗೆ ನಾನು ಹೊರ್ತೀನಿ." ನಾನು ಒಂದು ಷರತ್ತು ಹಾಕಿದೆ. ಒಂದು ದಿನ ತಪ್ಪಿದರೂ ಮಾರನೆಯ ದಿನ ಬೆಂಕಿ. ಅವರು ಒಪ್ಪಿದರು. ತಪ್ಪಲಿಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಗೌರವ. ಹೀಗೆ ನಮ್ಮ ಸ್ನೇಹ ಬೆಳೆಯಿತು.

ಗೊಬ್ಬರ ತಿಳಿದವರೆಂದ ಮಾತ್ರಕ್ಕೆ ದೊಡ್ಡಮ್ಮ ತಪ್ಪೇ ಮಾಡದವರಲ್ಲ. ದೊಡ್ಡದೊಂದು ತಪ್ಪನ್ನು ಬಂದ ಹೊಸತರಲ್ಲೇ ಮಾಡಿದರು. ಹೊಳೆದಂಡೆಯ ಊರಿನಲ್ಲಿ ಮೊದಲ ಮಳೆಗೆ ಮುಂಚೆ ನೆಲದ ತುಂಬ ಗೊಬ್ಬರ ಹರಡುವುದು ಪದ್ಧತಿ. ಮಳೆ ಅದನ್ನು ಮಣ್ಣಿಗೆ ಇಳಿಸುತ್ತದೆ. ಇಲ್ಲಿಯೂ ಮೇ ತಿಂಗಳ ಕೊನೆಗೆ, ಕುರುಚಲು ಕಡಿದು ಅಗೆದಿದ್ದ ಹಿತ್ತಲಿನಲ್ಲಿ, ಲಾರಿಯಲ್ಲಿ ತಂದದ್ದನ್ನು ಸೊಂಪಾಗಿ ಹರಡಿದರು. ಹರಡಿ ಮುಗಿಸಿ ಸೊಂಟದ ಮೇಲೆ ಕೈ ಇಟ್ಟು ನೋಡುತ್ತ ನಿಂತರು. ನಿಂತ ಠೀವಿ ನೋಡಿದರೆ ಬೆಂಡೆ, ಹೀರೆ ಅವರ ಕಣ್ಣಿಗೆ ಆಗಲೇ ಕಾಣುತ್ತಿದ್ದವು.

ಮಳೆ ಮಾತ್ರ ಹೊಳೆದಂಡೆಯ ಮಳೆಯ ಹಾಗೆ ಬೀಳಲಿಲ್ಲ. ಗುಡ್ಡದ ಮೇಲಿನಿಂದ ನೀರು ಹರಿದು ಬಂತು. ಒಂದು ಮಧ್ಯಾಹ್ನದಲ್ಲಿ ಕಪ್ಪು ಗೊಬ್ಬರವೆಲ್ಲ ಇಳಿದು, ಕೇರಿಯ ರಸ್ತೆ ದಾಟಿ, ಕೆಳಗಿನ ಹಳ್ಳ ಸೇರಿತು. ಹಿತ್ತಲಿನಲ್ಲಿ ಕೆಂಪು ಕಲ್ಲು ಹಲ್ಲು ಕಿರಿದುಕೊಂಡು ಉಳಿಯಿತು.

ಯಜಮಾನರು ಚಾವಡಿಯಿಂದ ಎದ್ದು ಬಂದು ನೋಡಿದರು. ಕೋಪದ ಮನುಷ್ಯರಲ್ಲ ಅವರು. ಸಣ್ಣ ದನಿಯಲ್ಲಿ ಹೇಳಿದರು: "ನೋಡ್ದ್ಯಾ? ಈ ನೆಲ ಕೊಟ್ಟಿದ್ದನ್ನ ಇಟ್ಕಳಲ್ಲ. ಇದು ನಮ್ದಲ್ಲ. ಮಂಡಗದ್ದೆ ಭಾವ ಕರೀತಾ ಇದಾನೆ. ಹೊಳೆಯಂಚಿನ ಗದ್ದೆ, ಜೊತೆಗೆ ಮಾಡಣ ಅಂತಾನೆ. ದೀಪಾವಳಿಗೆ ಹೋಗಾಣ."

"ಆ ಗದ್ದೆ ಭಾವಂದಾ?" ಎಂದರು ದೊಡ್ಡಮ್ಮ.

"ಭಾವಂದು ಎಲ್ಲಿ? ಒಡೇರದ್ದು. ಗೇಣಿ."

"ಹಂಗಾರೆ ಅಲ್ಲಿ ಒಂದು ಗುಂಡಿ ತೋಡಕ್ಕೂ ಒಡೇರನ್ನ ಕೇಳ್ಬೇಕು. ನಾನು ಕೇಳಿ ಕೇಳಿ ಸಾಕಾಗೀನಿ. ನಾನು ಬರಲ್ಲ."

"ಈ ಸಲ ಭೂಮಿ ಹುಣ್ಣಿಮೆಗೆ ಎಂತಕ್ಕೆ ಉಣಿಸ್ತೀಯೆ? ಈ ಕಲ್ಲಿಗಾ? ನಾನಂತೂ ಬುಟ್ಟಿ ಹೊರಲ್ಲ."

ಈ ಮಾತಿನ ತೂಕ ತಿಳಿಯಬೇಕಾದರೆ ಆ ಹಬ್ಬ ತಿಳಿಯಬೇಕು. ಸೀಗೆ ಹುಣ್ಣಿಮೆಯನ್ನೇ ಆ ಜನ ಭೂಮಿ ಹುಣ್ಣಿಮೆ ಎನ್ನುತ್ತಾರೆ. ಬತ್ತ ಹೊಡೆ ತುಂಬಿ ನಿಲ್ಲುವ ಕಾಲ. ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕೆಂದು ಮನೆಯ ಹೆಂಗಸರು ಹಿತ್ತಲಿನ ಸೊಪ್ಪು ತರಕಾರಿಯನ್ನೆಲ್ಲ ಬೇಯಿಸಿ ಅನ್ನಕ್ಕೆ ಬೆರೆಸುತ್ತಾರೆ, ಕಡುಬು ಮಾಡುತ್ತಾರೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಅದನ್ನು ತುಂಬಿಸುತ್ತಾರೆ. ಬೆಳಗಾಗುವ ಮುಂಚೆ ಗಂಡಸು ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ಕೂಗಿ ಕರೆದು, ನೆಲಕ್ಕೆ ಬೀರುತ್ತಾನೆ. ಒಂದು ಕಡುಬನ್ನು ಮಣ್ಣಲ್ಲಿ ಹುಗಿದು, ಕೊಯ್ಲಿನ ದಿನ ತೆಗೆಯುತ್ತಾರೆ. ಉಣಿಸಿದ ನೆಲ ನಮ್ಮದು. ಉಣಿಸದೆ ಬಿಟ್ಟ ನೆಲಕ್ಕೂ ನಮಗೂ ಏನೂ ಇಲ್ಲ. ಯಜಮಾನರು ಬುಟ್ಟಿ ಹೊರುವುದಿಲ್ಲ ಎಂದರೆ ಇಲ್ಲಿ ನಿಲ್ಲುವುದಿಲ್ಲ ಎಂದೇ ಅರ್ಥ.

ಗೊಬ್ಬರ ತೊಳೆದು ಹೋದದ್ದು ತನ್ನ ತಪ್ಪೆಂದು ದೊಡ್ಡಮ್ಮ ಒಪ್ಪಿದ್ದನ್ನು ನಾನು ಕೇಳಿಲ್ಲ. "ಮಳೆದು ತಪ್ಪು" ಎನ್ನುತ್ತಿದ್ದರು. "ಅದಕ್ಕೆ ಇಳಿಯಕ್ಕೆ ಬರಲ್ಲ, ಓಡಕ್ಕೆ ಬರ್ತದೆ." ಬುದ್ಧಿ ಹೇಳಿದ್ದು ಅಜ್ಜಿ. ಅಜ್ಜಿ ಮಾತು ಕಡಿಮೆ. ಜಗಲಿಯಲ್ಲಿ ಕೂತು ಅಡಿಕೆ ಜಜ್ಜುತ್ತ ಅಂದಳು: "ಅಲ್ಲಿ ನಮ್ದು ಗಂಗಾಳ ಆಗಿತ್ತು ಮಗಾ. ಹಾಕಿದ್ದು ಅಲ್ಲೇ ಇರ್ತಿತ್ತು. ಇದು ಮೊರ. ಮೊರಕ್ಕೆ ಹಾಕಿದ್ದು ಜಾರ್ತದೆ."

ಅಂದಿನಿಂದ ದೊಡ್ಡಮ್ಮ ಗೊಬ್ಬರ ಹರಡುವುದನ್ನು ಬಿಟ್ಟರು. ಗಿಡಕ್ಕೊಂದು ಗುಣಿ, ಗುಣಿಗೊಂದು ಮುಷ್ಟಿ, ಗುಣಿಯ ಕೆಳಬದಿಗೆ ಅಡ್ಡವಾಗಿ ಒಂದು ಕಲ್ಲು. ಹಿತ್ತಲಿನ ಕಲ್ಲೆಲ್ಲ ಹೀಗೆ ಕೆಲಸಕ್ಕೆ ಬಂತು.

ಆದರೆ ಮುಷ್ಟಿ ಹಾಕಲು ಗೊಬ್ಬರ ಎಲ್ಲಿದೆ? ಉಳಿದದ್ದು ಒಂದೇ ಬುಟ್ಟಿ. ಅದು ಉಳಿದದ್ದೂ ಜಾಣತನದಿಂದಲ್ಲ, ರೂಢಿಯಿಂದ. ಆ ಮನೆಯಲ್ಲಿ ಗುಂಡಿ ಪೂರ್ತಿ ಬರಿದು ಮಾಡುವ ಪದ್ಧತಿ ಇರಲಿಲ್ಲ. ಮೊಸರು ಬಡಿಸಿದ ಮೇಲೂ ಪಾತ್ರೆಯ ತಳದಲ್ಲಿ ಹೆಪ್ಪಿಗೆ ಒಂದಿಷ್ಟು ಬಿಡುತ್ತೇವಲ್ಲ, ಹಾಗೆ. ಆ ಕೊನೆಯ ಬುಟ್ಟಿ ಅಡಿಗೆಮನೆಯ ಮೂಲೆಯಲ್ಲಿ ಕೂತಿತ್ತು. ದೊಡ್ಡಮ್ಮ ಅದನ್ನು ಹೊತ್ತು ತಂದು ಹೊಸ ಗುಂಡಿಗೆ ಹೆಪ್ಪು ಹಾಕಿದರು.

ಗುಂಡಿಯ ಕ್ರಮ ಇದು. ತಳಕ್ಕೆ ಕುರುಚಲು ಕಡ್ಡಿ, ಗಾಳಿ ಆಡಲಿಕ್ಕೆ. ಅದರ ಮೇಲೆ ಶಾಲೆಯ ತರಗೆಲೆ. ಮೇಲೆ ಕೇರಿಯ ಮನೆಗಳ ಸಿಪ್ಪೆ, ಸೊಪ್ಪಿನ ದಂಟು. ಅದರ ಮೇಲೆ ಮನೆಯ ಒಂದೇ ಹಸುವಿನ ಸಗಣಿ ಕದಡಿದ ನೀರು. ಒಂದು ಹಿಡಿ ಒಲೆಯ ಬೂದಿ. ಒಂದೆರಡು ಹಿಡಿ ಹೆಪ್ಪಿನ ಗೊಬ್ಬರ. ಕೊನೆಗೆ ಮಣ್ಣು. ಮತ್ತೆ ತರಗೆಲೆಯಿಂದ ಶುರು. ಶನಿವಾರ ನಾನು ಅರ್ಧ ದಿನದ ಗಂಟೆ ಹೊಡೆದರೆ ಅದು ಅವರಿಗೆ ಗುಂಡಿ ಮಗುಚುವ ಗಂಟೆ. ಒಮ್ಮೆ ನಾನು ಗಂಟೆ ಹೊಡೆಯುವುದು ತುಸು ತಡವಾಯಿತು. ಬೇಲಿಯಾಚೆಯಿಂದ, "ಅಕ್ಕೋರೇ, ಗುಂಡಿ ಕಾಯ್ತಾ ಐತೆ" ಎಂಬ ಕರೆ ಬಂತು. ನನ್ನ ಹೊತ್ತು ತಪ್ಪಿದ್ದನ್ನು ಎತ್ತಿ ಹೇಳಿದ ಇನ್ಸ್‌ಪೆಕ್ಟರು ಬೇರೆ ಯಾರೂ ಇರಲಿಲ್ಲ.

ಮಲೆನಾಡಿನ ಮಳೆಗೆ ಗುಂಡಿ ಕೆರೆಯಾಗದಿರಲಿ ಎಂದು ಅದರ ಮೇಲೆ ಕರಡದ ಹುಲ್ಲಿನ ಮಾಡು ಕಟ್ಟಿದರು. ಅಷ್ಟು ಹೊತ್ತಿಗೆ ಮನೆಯ ಮಾಡು ಇನ್ನೂ ಸೋರುತ್ತಿತ್ತು. ಯಜಮಾನರು ಸೋರುವ ಜಾಗಕ್ಕೆ ಕೊಡಪಾನ ಇಡುತ್ತ, "ನಾನೂ ಹೋಗಿ ಗುಂಡಿಯಾಗೆ ಮಲಗ್ತೀನಿ, ಬೆಚ್ಚಗಿರ್ತದೆ" ಎಂದರು. "ಮಲಗಿ. ಮೇಲೆ ಮಣ್ಣು ನಾನೇ ಹಾಕ್ತೀನಿ" ಎಂದರು ಇವರು. ಕೇರಿಯವರು ನಕ್ಕರು. ಕೇರಿಯವರು ಅವರಿಗೆ ಗುಂಡಿ ಸಾವ್ಕಾರ್ತಿ ಎಂದು ಹೆಸರಿಟ್ಟಿದ್ದರು. ಅವರು ಅದನ್ನು ಬಿರುದಿನ ಹಾಗೆ ತೊಟ್ಟು ಓಡಾಡಿದರು.

ಬೆಳಿಗ್ಗೆ ಹೆಡಿಗೆ ಹಿಡಿದು ಮನೆಮನೆಗೆ ಹೋಗುವರು. ಕೇಳುವುದು ಗೊತ್ತಿಲ್ಲ. ನೇರ ಅಡಿಗೆಮನೆಯ ಹಿಂಬದಿಗೆ ಹೋಗಿ ಎತ್ತಿಕೊಳ್ಳುವುದು. ಸಿಪ್ಪೆ ನೋಡಿಯೇ ಮನೆಯ ಸಮಾಚಾರ ಹೇಳುವರು. "ಮೇಲಿನ ಮನೇಲಿ ಬಾಳೆಕಾಯಿ ಸಿಪ್ಪೆ ಇಷ್ಟು ದಪ್ಪ ಕೆತ್ತಿದಾರೆ. ಹೊಸ ಸೊಸೆ ಒಲೆ ಮುಂದೆ ಕೂತಾಳೆ." "ಆ ಮನೇಲಿ ಮೂರು ದಿನದಿಂದ ಬರೀ ಹುಣಸೆ ಚರಟ. ಏನೋ ತಾಪತ್ರಯ ಐತೆ." ಹಾಗೆ ಹೇಳಿದ ದಿನ ಮಧ್ಯಾಹ್ನ ಆ ಮನೆಗೆ ಒಂದು ಕಟ್ಟು ಕೆಸುವಿನ ಸೊಪ್ಪು ಹೋಗಿರುತ್ತಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅವರ ಕೈಗೆ ಸಿಕ್ಕಿದ ಯಾವುದಕ್ಕೂ ಉಳಿಗಾಲ ಇರಲಿಲ್ಲ. ಒಂದು ಭಾನುವಾರ ನನ್ನ ಚಾಪೆಯನ್ನು ಬಿಸಿಲು ಕಂಡ ಹೊತ್ತು ನೋಡಿ ಬೇಲಿಯ ಮೇಲೆ ಹಾಕಿದ್ದೆ. ಸಂಜೆ ನೋಡಿದರೆ ಇಲ್ಲ. ಗುಂಡಿಯ ಹತ್ತಿರ ಹೋದೆ. ಚಾಪೆಯ ಅಂಚು ಮಣ್ಣಿನಿಂದ ಹೊರಗೆ ಇಣುಕುತ್ತಿತ್ತು.

"ದೊಡ್ಡಮ್ಮ, ಅದು ನಾನು ಮಲಗುವ ಚಾಪೆ."

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಇನ್ನೂ ಮಲಗ್ತಿದ್ರಾ ಅದ್ರ ಮೇಲೆ? ಅದು ಗೊಬ್ಬರ ಆಗಿ ವರ್ಷ ಆಗಿತ್ತಲ್ಲ ಅಕ್ಕೋರೇ."

ಮಾರನೆಯ ದಿನ ತಮ್ಮ ಪೆಟ್ಟಿಗೆಯಿಂದ ಹೊಸ ಚಾಪೆ ತೆಗೆದು ಕೊಟ್ಟರು. ಹಳೆಯದನ್ನು ಮಾತ್ರ ಹಿಂದಕ್ಕೆ ಕೊಡಲಿಲ್ಲ.

ಶ್ರಾವಣ ಕಳೆಯುವ ಹೊತ್ತಿಗೆ ಮಳೆ ಬಿಡುವು ಕೊಟ್ಟಿತು. ಒಂದು ಶನಿವಾರ ಗುಂಡಿಯಿಂದ ಮುಷ್ಟಿ ಎತ್ತಿದರು, ಬಿಗಿದರು, ಬಿಚ್ಚಿದರು. ಉಂಡೆ ನಿಂತಿತು, ಆಮೇಲೆ ಉದುರಿತು. ನನ್ನ ಮೂಗಿನ ಹತ್ತಿರ ಹಿಡಿದರು. ಚಾಪೆಯ ಗುರುತು ಎಲ್ಲಿಯೂ ಇರಲಿಲ್ಲ. ಅಂದೇ ಗುಣಿ ಗುಣಿಗೆ ಹಾಕಿ ಹರಿವೆ, ಬೆಂಡೆ, ಹೀರೆ, ಬಸಳೆ ನೆಟ್ಟರು. ನೀರಾವರಿ ಎಂದರೆ ಅವರ ಸೊಂಟದ ಕೊಡಪಾನವೇ. ಹರಿವೆ ಬೇಗ ಎದ್ದಿತು. ಹೀರೆ ಚಪ್ಪರ ಹಿಡಿಯಿತು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ತಮ್ಮ ಹಿತ್ತಲಿಗೂ ಒಂದು ಹೆಡಿಗೆ ಹೆಪ್ಪು ಕೇಳಿದರು. ದೊಡ್ಡಮ್ಮ ಕೊಟ್ಟರು, ಅದೂ ಶುಕ್ರವಾರ. "ಲಕ್ಷ್ಮಿ ಹೋಗ್ಲಿ, ಸುತ್ತಾಡ್ಕಂಡು ಬರ್ತಾಳೆ" ಎಂದರು.

ಯಜಮಾನರು ಮಾತ್ರ ಹಿತ್ತಲಿಗೆ ಕಾಲಿಡಲಿಲ್ಲ. ಬಡಿಸಿದ ಹರಿವೆ ಹುಳಿ ಉಂಡರು, ಚೆನ್ನಾಗಿದೆ ಎನ್ನಲಿಲ್ಲ. ಭಾವನಿಂದ ಎರಡು ಸಲ ಕರೆ ಬಂತು. ದೀಪಾವಳಿಗೆ ಗಾಡಿ ಕಳಿಸುತ್ತೇನೆಂದು ಹೇಳಿಕಳಿಸಿದ್ದ. ಹಬ್ಬ ಹತ್ತಿರವಾದಾಗ ಗಂಡ ಹೆಂಡತಿ ನಡುವೆ ಮತ್ತೆ ಮಾತಾಯಿತು. ಬೇಲಿಯ ಈಚೆ ನನಗೂ ಕೇಳಿತು.

"ಗದ್ದೆ ಇಲ್ಲ, ಬತ್ತ ಇಲ್ಲ. ಹಿತ್ತಲಿಗೆ ಯಾರಾರೂ ಭೂಮಿ ಹುಣ್ಣಿಮೆ ಮಾಡ್ತಾರಾ?" ಎಂದರು ಯಜಮಾನರು.

"ಬಸುರಿಗೆ ಉಣಿಸೋ ಹಬ್ಬ. ಬಂದು ನೋಡಿ, ಆ ಹೀರೆ ಬಳ್ಳಿ ನಿಮ್ಮ ಗದ್ದೆಗಿಂತ ತುಂಬೈತೆ."

"ನಾನು ಬರಲ್ಲ."

"ಬರ್ಬ್ಯಾಡಿ. ನಾನಂತೂ ಅಡಿಗೆ ಮಾಡ್ತೀನಿ."

ಇನ್ನು ಕುಂಬಳದ ವಿಷಯ. ಅದನ್ನು ಯಾರೂ ಹಾಕಿರಲಿಲ್ಲ. ಆಷಾಢದಲ್ಲಿ ಗುಂಡಿಯ ಅಂಚಿನಲ್ಲಿ ತಾನಾಗಿ ಎರಡು ದಪ್ಪ ಎಲೆ ಎದ್ದಿತ್ತು. ದೊಡ್ಡಮ್ಮ ಅದನ್ನು ಗುಂಡಿಯ ಮಾಡಿನ ಮೇಲೆ ಹಬ್ಬಿಸಿದರು. ಯಾವ ಬೀಜ ಎಂದು ನಾನು ಕೇಳಿದ್ದಕ್ಕೆ, "ಬಂದಿದ್ದು ಬಂತು. ಇರ್ಲಿ" ಎಂದರಷ್ಟೆ. ಎಲೆಗಳ ನಡುವೆ ಒಂದೇ ಒಂದು ಕಾಯಿ ಬಲಿತಿತ್ತು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅದನ್ನು ಕೊಯ್ದು ತಂದು ಜಗಲಿಯ ಮೇಲಿಟ್ಟರು. ಆ ಮನೆಗಳಲ್ಲಿ ಇಡೀ ಕುಂಬಳಕ್ಕೆ ಹೆಂಗಸರು ಮೊದಲ ಕತ್ತಿ ಹಾಕುವುದಿಲ್ಲ. ಗಂಡಸು ಒಡೆದುಕೊಡಬೇಕು. ದೊಡ್ಡಮ್ಮ ಕತ್ತಿಯನ್ನು ಕಾಯಿಯ ಪಕ್ಕದಲ್ಲಿಟ್ಟು ಒಳಗೆ ಹೋದರು. ದಸರೆ ರಜೆಯಾದ್ದರಿಂದ ನಾನು ಸೊಪ್ಪು ಬಿಡಿಸುತ್ತ ಅಲ್ಲಿಯೇ ಕೂತಿದ್ದೆ.

ಯಜಮಾನರು ಚಾವಡಿಯಿಂದ ಬಂದರು. "ಒಡ್ದು ಕೊಡ್ತೀನಿ, ಅಷ್ಟೆ. ಹೊರೋದು ಗಿರೋದು ಇಲ್ಲ" ಎಂದು ಒಳಗಿನ ಕತ್ತಲೆಗೆ ಹೇಳಿದರು. ಕಾಯಿಯನ್ನು ತಿರುಗಿಸಿ ಇಟ್ಟುಕೊಂಡರು. ತಿರುಗಿಸಿದ ಕೈ ನಿಂತಿತು. ಕಾಯಿಗೆ ತೊಟ್ಟಿನ ಹತ್ತಿರ ಉದ್ದನೆಯ ಕತ್ತು ಇತ್ತು, ಮೈಮೇಲೆ ಬೂದು ಪಟ್ಟೆ. ಪೇಟೆಯಲ್ಲಿ ಸಿಗುವ ಗುಂಡು ಕುಂಬಳ ಅದಲ್ಲ. ಒಡೆದರು. ತಿರುಳು ಅರಿಸಿನದ ಬೇರಿನ ಬಣ್ಣ. ಒಂದು ಚೂರು ಕೆತ್ತಿ ಹಸಿಯೇ ಬಾಯಿಗೆ ಹಾಕಿಕೊಂಡು ಅಗಿದರು.

"ಅವ್ವಾ, ಇದು ನಮ್ದಲ್ವಾ?" ಎಂದು ಅಜ್ಜಿಯನ್ನು ಕೇಳಿದರು.

ಅಜ್ಜಿ ಕೈಯಲ್ಲಿ ಹಿಡಿದು ಕತ್ತನ್ನು ತಡವಿದಳು. "ಬಚ್ಚಲ ಹಿಂದಿನ ಬಳ್ಳೀದು. ನಾನು ಮದುವೆಯಾಗಿ ಬಂದಾಗ್ಲೂ ಇತ್ತು. ನೀರಾಗೆ ಹೋಯ್ತು ಅಂತ ಮಾಡಿದ್ದೆ."

ಹಳೆಯ ಊರಿನ ಬಚ್ಚಲ ಹಿಂದಿನ ಬಳ್ಳಿಯ ಬೀಜ ಹೆಪ್ಪಿನ ಬುಟ್ಟಿಯ ಗೊಬ್ಬರದೊಳಗೆ ಕೂತು, ಲಾರಿಯಲ್ಲಿ ಬಂದು, ಈ ಗುಂಡಿಯ ಅಂಚಿನಲ್ಲಿ ಎದ್ದಿತ್ತು. ಅಷ್ಟೇ ನಡೆದದ್ದು. ದೊಡ್ಡಮ್ಮನಿಗೆ ಇದು ಮೊದಲ ಎರಡೆಲೆಯಲ್ಲೇ ತಿಳಿದಿತ್ತೆಂದು ನನ್ನ ನಂಬಿಕೆ. ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಒಡ್ದಾಯ್ತಾ? ಇತ್ಲಾಗೆ ಕೊಡಿ, ಬೇಯಕ್ಕೆ ಹೊತ್ತಾಗ್ತದೆ" ಎಂದರು. ಯಜಮಾನರು ಹೋಳುಗಳನ್ನು ಕೊಟ್ಟರು. ಬೀಜಗಳನ್ನು ಮಾತ್ರ ಒಂದು ಎಲೆಯಲ್ಲಿ ಸುತ್ತಿ ಒಳಗೆ ಒಯ್ದರು. ಸಂಜೆ ಎಲ್ಲಿಗೋ ಹೋದವರು ನಾನು ಮನೆಗೆ ಹೋಗುವವರೆಗೂ ಬಂದಿರಲಿಲ್ಲ.

ಹೊರಡುವಾಗ ದೊಡ್ಡಮ್ಮ ನನಗೆ ಹೇಳಿದರು: "ಬೆಳಿಗ್ಗೆ ನೀವೂ ಬರ್ಬೇಕು ಅಕ್ಕೋರೇ."

"ಇದು ಮನೆಯವ್ರ ಹಬ್ಬ, ನಾನೆಂಥಕ್ಕೆ?"

"ನಿಮ್ಮ ಶಾಲೆ ಕಸ ಐತೆ ಇದ್ರಾಗೆ. ನಿಮ್ಮ ಚಾಪೆ ಐತೆ. ಬರದೇ ಇದ್ರೆ ಹೆಂಗೆ?"

ಹಾಗೆ ನಾನು ಬೆಳಗಿನ ಐದೂವರೆಗೆ ಆ ಹಿತ್ತಲಿನಲ್ಲಿ ಹಾಜರಿದ್ದೆ. ಪಶ್ಚಿಮದಲ್ಲಿ ಚಂದ್ರ ಇನ್ನೂ ಮುಳುಗಿರಲಿಲ್ಲ. ಹೀರೆ ಚಪ್ಪರದ ಕೆಳಗೆ ಒಂದು ಹಣತೆ. ಗುಂಡಿಯ ಅಂಚಿನಲ್ಲಿ ಇನ್ನೊಂದು. ಅಜ್ಜಿ ಮಣೆಯ ಮೇಲೆ ಕೂತಿದ್ದಳು. ದೊಡ್ಡಮ್ಮ ಹೊಸ ಸೀರೆ ಉಟ್ಟು ನಿಂತಿದ್ದರು. ಅವರ ಕೈಗಳು ಬರಿದಾಗಿದ್ದವು.

"ಬುಟ್ಟಿ ಎಲ್ಲಿ?" ಎಂದೆ.

"ಹೊಸಿಲ ಮೇಲೈತೆ."

"ತರಲಾ?"

"ಬ್ಯಾಡ. ಬುಟ್ಟಿ ಹೊರೋದು ಗಂಡಸ್ರ ಕೆಲಸ. ನಾನು ಹೊತ್ರೆ ಅದು ಅಡಿಗೆ ಆಗ್ತದೆ, ಹಬ್ಬ ಆಗಲ್ಲ."

"ಅವರು ಬಾರದಿದ್ದರೆ?"

"ರಾತ್ರಿ ಹೊತ್ತಾಗಿ ಬಂದು ಒಳಗೆ ಮಲಗಿದಾರೆ. ಹೊಸಿಲು ದಾಟ್ದೆ ಅವ್ರು ಹೊರಗೆ ಹೋಗಂಗಿಲ್ಲ. ಹೊಸಿಲು ದಾಟ್ಬೇಕಾರೆ ಬುಟ್ಟಿ ಎತ್ಲೇಬೇಕು. ಎತ್ತಿದ ಬುಟ್ಟೀನ ಒಳಗೆ ಇಡ್ತಾರೋ ಇಲ್ಲಿಗೆ ತರ್ತಾರೋ, ಅದು ಅವ್ರಿಗೆ ಬಿಟ್ಟಿದ್ದು."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಬಲಗೈ ಮುಷ್ಟಿ ಬಿಗಿದಿತ್ತು. ಅದರಲ್ಲಿ ಗೊಬ್ಬರ ಇರಲಿಲ್ಲ.

ಮೂಡಣ ಬೆಳ್ಳಗಾಗತೊಡಗಿತು. ಸೂರ್ಯ ಕಂಡರೆ ಹೊತ್ತು ಮೀರಿದಂತೆ. ಎಲ್ಲೋ ಕೇರಿಯ ಕೆಳಗಡೆ ಒಂದು ಕೋಳಿ ಕೂಗಿತು. ಅಜ್ಜಿ ಸೊಸೆಯ ಮುಖ ನೋಡಿದಳು, ಸೊಸೆ ಗುಂಡಿಯ ಹಣತೆಯನ್ನು ನೋಡಿದರು. ಬತ್ತಿ ಸರಿಮಾಡುವ ಅಗತ್ಯವಿರಲಿಲ್ಲ, ಆದರೂ ಬಗ್ಗಿ ಸರಿಮಾಡಿದರು.

ಆಗ ಹಿತ್ತಲ ಬಾಗಿಲು ಕಿರುಗುಟ್ಟಿತು. ಯಜಮಾನರು ಬರುತ್ತಿದ್ದರು. ಮಿಂದು ಪಂಚೆ ಉಟ್ಟಿದ್ದರು. ತಲೆಯ ಮೇಲೆ ಸಿಂಬಿ, ಅದರ ಮೇಲೆ ಚಿತ್ತಾರದ ಬುಟ್ಟಿ. ಕಲ್ಲು ತಪ್ಪಿಸಿ ಕಾಲಿಡುತ್ತ ಬಂದು ಹೀರೆ ಚಪ್ಪರದ ಮುಂದೆ ಇಳಿಸಿದರು. ಉಸಿರು ಬಿಟ್ಟು ಹೆಂಡತಿಗೆ ಹೇಳಿದರು:

"ಇಷ್ಟು ಭಾರ ಎಂತ ತುಂಬ್ಸೀಯೆ ಇದ್ರಾಗೆ, ಗೊಬ್ಬರಾನಾ?"

ದೊಡ್ಡಮ್ಮ ಮುಷ್ಟಿ ಬಿಚ್ಚಿದರು. "ಮೊದ್ಲು ಉಣಿಸಿ. ಹೊತ್ತಾಯ್ತು."

ಪೂಜೆ ಚಿಕ್ಕದು. ಬಳ್ಳಿಗೆ ಅರಿಸಿನ ಕುಂಕುಮ, ಕಾಯಿ, ಧೂಪ. ಗದ್ದೆಯಲ್ಲಾದರೆ ಬತ್ತದ ಪೈರಿಗೆ ಸಲ್ಲುವುದು ಇಲ್ಲಿ ಹೀರೆ ಬಳ್ಳಿಗೆ ಸಂದಿತು. ಆಮೇಲೆ ಯಜಮಾನರು ಬೆರಕೆ ಸೊಪ್ಪಿನ ಅನ್ನವನ್ನು ಹಿಡಿ ಹಿಡಿಯಾಗಿ ಎತ್ತಿ ಬೀರುತ್ತ, ಭೂಮಿತಾಯಿಯನ್ನು ಉಣಲು ಕರೆದು ಕೂಗಿದರು. ಮೊದಲ ಕೂಗು ಚಪ್ಪರ ದಾಟಲಿಲ್ಲ. ಎರಡನೆಯದು ಗುಡ್ಡಕ್ಕೆ ಬಡಿದು ಹಿಂದಕ್ಕೆ ಬಂತು. ಕೆಳಗಿನ ಮನೆಗಳಲ್ಲಿ ಬಾಗಿಲು ತೆರೆದವು. ಆ ವರ್ಷ ಕೇರಿಯಲ್ಲಿ ಬುಟ್ಟಿ ಹೊತ್ತವರು ಬೇರೆ ಯಾರೂ ಇರಲಿಲ್ಲ. ಹಿತ್ತಲು ಸುತ್ತಿ ಬಂದರು. ಗುಂಡಿಯ ಮುಂದೆ ನಿಂತು ಅಲ್ಲಿಗೂ ಒಂದು ಹಿಡಿ ಬೀರಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಗೆ ಉಳಿದದ್ದು ಹುಗಿಯುವ ಕಡುಬು. ದೊಡ್ಡಮ್ಮ ಅದನ್ನು ಹಿಡಿದು ಚಪ್ಪರದ ಬುಡ ತೋರಿಸಿದರು. ಯಜಮಾನರು ತಲೆಯಾಡಿಸಿದರು. ಕಡುಬನ್ನೂ ಗುದ್ದಲಿಯನ್ನೂ ಎತ್ತಿಕೊಂಡು ಬೇಲಿ ದಾಟಿ ಕುರುಚಲಿನೊಳಗೆ ಹೋದರು. ನಾವು ಮೂವರೂ ಹಿಂದೆ ಹೋದೆವು. ಗುಡ್ಡ ತುಸು ಸಮವಾಗುವ ಒಂದು ಕಡೆ ನಿಂತು, ಎಡಕ್ಕೂ ಬಲಕ್ಕೂ ನೋಡಿ, ಗುದ್ದಲಿ ಹಾಕಿದರು. ಕಲ್ಲಿಗೆ ತಾಗಿ ಸದ್ದು ಬಂತು. ಪಕ್ಕಕ್ಕೆ ಸರಿದು ಮತ್ತೆ ಹಾಕಿದರು. ಕಡುಬು ಹುಗಿದು ಮಣ್ಣು ಎಳೆದರು.

"ಅವ್ವಾ, ಇಲ್ಲಿ ಬದು ಬರ್ತದೆ. ಆಚೆ ವರ್ಷಕ್ಕೆ ಆ ಮತ್ತಿ ಮರದವರೆಗೆ ಒಂದು ಗದ್ದೆ ಮಡಿ ಏಳ್ಸಬೋದು" ಎಂದರು.

"ಬತ್ತ ಬೆಳೆದ್ಮೇಲೆ ಕಡುಬು ತೆಗಿಯಣ. ಅಲ್ಲೀತನ ಇರ್ಲಿ" ಎಂದಳು ಅಜ್ಜಿ.

"ಅಷ್ಟರಲ್ಲಿ ಕೊಳೆತು ಹೋಗುವುದಿಲ್ಲವೆ ಅಜ್ಜಿ?" ಎಂದೆ ನಾನು.

"ಕೊಳಿಲಿ ಅಕ್ಕೋರೇ. ಕೊಳೆತ್ರೆ ಇಲ್ಲಿಗೇ ತಾನೆ?" ಎಂದರು ದೊಡ್ಡಮ್ಮ.

ಯಜಮಾನರು ಹಿತ್ತಲಿನಿಂದ ಅಲ್ಲಿಗೆ ಇರುವ ದೂರವನ್ನು ಕಣ್ಣಿನಲ್ಲೇ ಅಳೆದರು. "ಇಷ್ಟು ದೂರ ಗೊಬ್ಬರ ಹೊರಕ್ಕಾಗ್ತದಾ ನಿಂಗೆ?"

"ನಾನ್ಯಾಕೆ ಹೊರ್ಲಿ? ಬುಟ್ಟಿ ಹೊರೋರು ಸಿಕ್ಕಿದ್ರಲ್ಲ."

ಹಿತ್ತಲಿನಲ್ಲೇ ಬಾಳೆಲೆ ಹಾಕಿ ಉಂಡೆವು. ಕುಂಬಳದ ಕಡುಬು, ಬೆರಕೆ ಸೊಪ್ಪಿನ ಪಲ್ಯ, ಹೀರೆಕಾಯಿ ಹುಳಿ, ಪಾಯಸ. ಯಜಮಾನರು ಎರಡನೆಯ ಸಲ ಕಡುಬು ಹಾಕಿಸಿಕೊಂಡರು. ಕಾಗೆಗೆ, ಹಸುವಿಗೆ ಎಡೆ ಇಟ್ಟಾಯಿತು. ಪಾತ್ರೆ ತೊಳೆದಾಯಿತು. ಮಧ್ಯಾಹ್ನ ಕೆಳಗಿನ ಮನೆಯವನೊಬ್ಬ ತೀರ್ಥಹಳ್ಳಿ ಕಡೆ ಹೊರಟಿದ್ದ. ಅವನ ಕೈಯಲ್ಲಿ ಯಜಮಾನರು ಭಾವನಿಗೆ ಹೇಳಿಕಳಿಸಿದ್ದು ಇಷ್ಟು: ಗಾಡಿ ಕಳಿಸುವುದು ಬೇಡ, ದೀಪಾವಳಿಗೆ ನೀವೇ ಮಕ್ಕಳನ್ನು ಕರೆದುಕೊಂಡು ಬನ್ನಿ. ಎಲೆಯಲ್ಲಿ ಸುತ್ತಿಟ್ಟಿದ್ದ ಕುಂಬಳದ ಬೀಜವನ್ನು ಅಜ್ಜಿ ಸಂಜೆ ಸಗಣಿಯಲ್ಲಿ ಕಲಸಿ ಅಡಿಗೆಮನೆಯ ಗೋಡೆಗೆ ತಟ್ಟಿದಳು. ಮುಂದಿನ ವರ್ಷಕ್ಕೆ.

ಆ ಕೇರಿಯಲ್ಲಿ ನಾನು ಮತ್ತೆ ಕೆಲವು ವರ್ಷ ಇದ್ದೆ. ಮತ್ತಿ ಮರದವರೆಗೆ ಮಡಿ ಎದ್ದದ್ದನ್ನು ನೋಡಿದೆ. ವರ್ಗವಾಗಿ ಹೊರಟಾಗ ದೊಡ್ಡಮ್ಮ ನನಗೆ ಕೊಟ್ಟದ್ದು ಒಂದು ಬುಟ್ಟಿ, ಬಾಳೆಲೆ ಮುಚ್ಚಿ ಬಳ್ಳಿಯಲ್ಲಿ ಬಿಗಿದದ್ದು. ಬಸ್ಸಿನ ಕಂಡಕ್ಟರು ಏನೆಂದು ಕೇಳಿದ. ನಾನು ಏನು ಹೇಳಿದೆನೆಂಬುದನ್ನು ಓದುವವರು ಊಹಿಸಬಹುದು. ಅದರ ಹೆಪ್ಪು ನಾನು ಇದ್ದ ಮನೆಗಳ ಹಿತ್ತಲುಗಳನ್ನೆಲ್ಲ ದಾಟಿ ಇಂದಿಗೂ ನಡೆದಿದೆ. ಶನಿವಾರ ಮಗುಚುತ್ತೇನೆ.

ಹುಣ್ಣಿಮೆಯ ಆ ದಿನಕ್ಕೆ ಒಂದು ಕೆಲಸ ಬಾಕಿ ಇತ್ತು. ಸಂಜೆ ನಾನು ಶಾಲೆಯ ಅಂಗಳ ಗುಡಿಸಿ ತರಗೆಲೆಯ ಹೆಡಿಗೆಯನ್ನು ಬೇಲಿಯ ಹತ್ತಿರ ತಂದೆ. ಯಜಮಾನರು ಉಂಡ ಎಲೆಗಳನ್ನೆಲ್ಲ ಬಾಚಿಕೊಂಡು ಗುಂಡಿಯ ಕಡೆ ಹೋಗುತ್ತಿದ್ದರು. ನನ್ನ ಹೆಡಿಗೆಯನ್ನೂ ಇಸಿದುಕೊಂಡರು. ಎರಡನ್ನೂ ಗುಂಡಿಗೆ ಸುರಿದು, ಕೈ ಝಾಡಿಸಿ, ತಿರುಗಿ ಹೊರಟರು.

ಹಿತ್ತಲ ಬಾಗಿಲಿನಿಂದ ದೊಡ್ಡಮ್ಮ ಕೂಗಿದರು: "ಮೇಲೆ ಮಣ್ಣು ಯಾರು ಹಾಕ್ತಾರೆ, ಮಂಡಗದ್ದೆ ಭಾವಾನಾ?"

ಯಜಮಾನರು ನಿಂತರು. ನನ್ನ ಕಡೆ ನೋಡಿ ತಲೆ ಕೆರೆದುಕೊಂಡರು. ಹಿಂದಕ್ಕೆ ಹೋಗಿ ಗುದ್ದಲಿ ಎತ್ತಿ, ಒಂದು ಬುಟ್ಟಿ ಮಣ್ಣು ಎಳೆದು, ಗುಂಡಿಯ ಮೇಲೆ ಅಂಚಿನಿಂದ ಅಂಚಿಗೆ ಹರಡಿದರು. ಎಲೆ ಒಂದೂ ಕಾಣದಂತೆ ಮುಚ್ಚಿತು.